ಒತ್ತಕ್ಷರಕ್ಕೆ ಜಾಗ, ಬೈಲೈನಿಗೆ ವಿಳಾಸ

ಪತ್ರಿಕೋದ್ಯಮ ಓದಲು ಬರುವವರಲ್ಲಿ ಹೆಚ್ಚಿನವರು ಬರೆಯುವ ಹುಚ್ಚಿನಿಂದ ಬರುತ್ತಾರೆ. ಉಳಿದವರು ಕ್ಯಾಮೆರಾ ಮುಂದೆ ಮೈಕ್ ಹಿಡಿದು ನಿಲ್ಲುವ ಆಸೆಯಿಂದ. ಪುಟ ಕಟ್ಟಬೇಕೆಂದೇ ಬಂದವರನ್ನು ನಮ್ಮ ಎಂ.ಎ. ತರಗತಿಯಲ್ಲಿ ನಾನಂತೂ ನೋಡಿಲ್ಲ. ಡಿಸೈನ್ ಎಂದರೆ ಡಿಟಿಪಿಯವರ ಪಾಲಿನದು, ಬಣ್ಣ ಬಳಿಯುವ ಕೆಲಸ ಎಂಬ ಅಸಡ್ಡೆ, ವಿದ್ಯಾರ್ಥಿಗಳೇ ಹೊರತರುವ ಪ್ರಯೋಗ ಪತ್ರಿಕೆಯ ಸರದಿ ಬರುವವರೆಗೂ ಇರುತ್ತದೆ. ಆಮೇಲೆ ನಾಲ್ಕೇ ಪುಟದೊಳಗೆ ಇಡೀ ತರಗತಿಯ ವರದಿಗಳು ಕೂರಬೇಕು. ಯಾರ ಸುದ್ದಿ ಮೊದಲ ಪುಟದ ನೆತ್ತಿಗೆ, ಯಾರದು ಒಳಗೆ ಒಂದು ಕಾಲಂಗೆ, ಯಾವ ಚಿತ್ರ ದೊಡ್ಡದಾಗಬೇಕು, ಯಾವ ಪ್ಯಾರಾ ಕತ್ತರಿಗೆ ಬೀಳಬೇಕು? ಪುಟ ಮುಗಿಯುವ ರಾತ್ರಿ ಇದಕ್ಕಾಗಿ ನಡೆಯುವ ಜಗಳವಿದೆಯಲ್ಲ, ಡಿಸೈನ್ ಅಂದರೆ ಅದೇ. ಓದುಗ ಮೊದಲು ಏನು ನೋಡಬೇಕು, ಆಮೇಲೆ ಏನು ಎಂದು ತೀರ್ಮಾನಿಸುವುದು ಸಂಪಾದಕನ ಕೆಲಸ. ಅದನ್ನು ಮೌಸ್ ಹಿಡಿದು ಮಾಡಿದಾಗ ವಿನ್ಯಾಸ ಎನ್ನುತ್ತೇವೆ, ಅಷ್ಟೆ.

ಕೋರ್ಸು ಮುಗಿಸುತ್ತಿರುವ ನಾನು ಈಗಷ್ಟೇ ಸೇರುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕನ್ನಡದ ಹಲವು ಸುದ್ದಿಮನೆಗಳಲ್ಲಿ ಈಗ ಉಪಸಂಪಾದಕರೇ ಪುಟ ಕಟ್ಟುತ್ತಾರೆ. ಡಿಜಿಟಲ್ ಡೆಸ್ಕಿಗೆ ಹೋದವರಂತೂ ಸುದ್ದಿ ಬರೆದು, ಅದಕ್ಕೊಂದು ಕಾರ್ಡ್ ಮಾಡಿ, ತಂಬ್‌ನೇಲ್ ಹಾಕಿ ತಾವೇ ಏರಿಸಬೇಕು. ಹಾಗಾಗಿ ಇದು ಬಂದರೆ ಒಳ್ಳೆಯದು ಎನ್ನುವ ವಿದ್ಯೆಯಾಗಿ ಉಳಿದಿಲ್ಲ.

ಇದೇನು ಹೊಸ ಕಾಲದ ಕಾಟವೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಎಂದರೆ ಕನ್ನಡದ ಮೊದಲ ಪತ್ರಿಕೆಯ ಅಂದಚಂದ ನಿಂತದ್ದು ಬರೆಯುವವರ ಕೈಬರಹದ ಮೇಲೆ. 1970ರಲ್ಲಿ ಮಣಿಪಾಲದಿಂದ ಶುರುವಾದ ‘ಉದಯವಾಣಿ’ಯ ಮಾತು ಬಂದರೆ ಕರಾವಳಿಯ ಹಿರಿಯರು ಇವತ್ತಿಗೂ ಅದರ ಅಚ್ಚುಕಟ್ಟಾದ ಮುದ್ರಣವನ್ನು ನೆನೆಯುತ್ತಾರೆ. 1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ಯದು ಇದಕ್ಕೆ ತದ್ವಿರುದ್ಧ ದಾರಿ: ಕಪ್ಪು-ಬಿಳುಪು, ಜಾಹೀರಾತಿಲ್ಲ, ಟ್ಯಾಬ್ಲಾಯ್ಡ್ ಆಕಾರ. ಬಣ್ಣವಿಲ್ಲದ್ದೂ ಒಂದು ವಿನ್ಯಾಸವೇ. ಅಂಗಡಿಯಲ್ಲಿ ನೇತುಹಾಕಿದ್ದ ಹತ್ತು ಪತ್ರಿಕೆಗಳ ನಡುವೆ ಅದನ್ನು ಗುರುತಿಸಲು ಹೆಸರು ಓದಬೇಕಿರಲಿಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಿರುತ್ತಾರೆ.

ಅಕ್ಷರದಿಂದ ಶುರುಮಾಡಿ

ಯೂಟ್ಯೂಬಿನಲ್ಲಿ ಸಿಗುವ ಡಿಸೈನ್ ಪಾಠಗಳು ಬಹುಪಾಲು ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದವು. ಅವುಗಳ ಲೆಕ್ಕವನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚಿದರೆ ಪುಟ ಕೆಡುತ್ತದೆ. ಏಕೆ ಎಂದು ತಿಳಿಯಲು ‘ರಾಷ್ಟ್ರೀಯ ವೈಶಿಷ್ಟ್ಯ’ ಎಂದು ಎರಡೇ ಪದ ಟೈಪ್ ಮಾಡಿ ದೊಡ್ಡದು ಮಾಡಿ ನೋಡಿ. ಮೇಲೆ ಗುಡಿಸು ಏರಿದೆ, ಪಕ್ಕಕ್ಕೆ ದೀರ್ಘ ಚಾಚಿದೆ, ಕೆಳಗೆ ಒತ್ತಿನ ಪಕ್ಕ ಇನ್ನೊಂದು ಒತ್ತು ಇಳಿಬಿದ್ದಿದೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ 120 ಪ್ರತಿಶತ ಸಾಲಿನಂತರ ಸಾಕು, ತಂತ್ರಾಂಶಗಳು ತಾವಾಗಿ ಕೊಡುವುದೂ ಅಷ್ಟನ್ನೇ. ಕನ್ನಡಕ್ಕೆ ಅಷ್ಟೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಾಗಿ ಕೂರುತ್ತದೆ. ನಾನು 140ರಿಂದ ಶುರುಮಾಡಿ ಫಾಂಟ್ ನೋಡಿಕೊಂಡು 160ರವರೆಗೂ ಹೋಗುತ್ತೇನೆ. ಹತ್ತು ಪಾಯಿಂಟಿನ ಅಕ್ಷರಕ್ಕೆ ಹದಿನಾಲ್ಕರಿಂದ ಹದಿನಾರು ಪಾಯಿಂಟ್ ಎಂದಾಯಿತು. ಜಾಗ ಸಾಲದೆ ಬಂದರೆ ಒಂದು ವಾಕ್ಯ ಕತ್ತರಿಸಿ, ಸಾಲುಗಳನ್ನು ಹಿಂಡಬೇಡಿ. ಎರಡು ಸಾಲಿನ ತಲೆಬರಹದಲ್ಲಿ ಮಾತ್ರ ವಿನಾಯಿತಿ ಉಂಟು: ಮೇಲಿನ ಸಾಲಿನಲ್ಲಿ ಒತ್ತು ಇಲ್ಲದ ಪದಗಳೇ ಬಂದರೆ ಸ್ವಲ್ಪ ಬಿಗಿ ಮಾಡಬಹುದು. ಅದಕ್ಕಾಗಿ ಪದ ಬದಲಿಸುವ ಉಪಸಂಪಾದಕರಿದ್ದಾರೆ, ಅವರ ಪಕ್ಕ ಕೂತು ನೋಡುವುದೇ ಒಂದು ಪಾಠ.

ಎರಡನೆಯ ವಿಷಯ ದಪ್ಪಕ್ಷರ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎನ್ನುತ್ತಿದ್ದೆವಲ್ಲ, ಆ ಸೀಳೇ ಇಲ್ಲಿ ಪ್ರಾಣ. ಪ, ಫ, ಷ ಈ ಮೂರಕ್ಕೂ ಮೈಕಟ್ಟು ಒಂದೇ, ಬೇರೆ ಮಾಡುವುದು ಒಂದು ಸಣ್ಣ ಗೆರೆ. ದ-ಧ, ಡ-ಢ ಜೋಡಿಗಳೂ ಹಾಗೆಯೇ. ಚಿಕ್ಕ ಅಕ್ಷರವನ್ನು ಬೋಲ್ಡ್ ಮಾಡಿದರೆ, ಅದರಲ್ಲೂ ಫಾಂಟಿನಲ್ಲಿ ನಿಜವಾದ ದಪ್ಪ ರೂಪವಿಲ್ಲದೆ ತಂತ್ರಾಂಶವೇ ಅಕ್ಷರವನ್ನು ಉಬ್ಬಿಸಿದ್ದರೆ, ಆ ಗೆರೆ ಮುಚ್ಚಿಹೋಗುತ್ತದೆ. ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿದ ಮೇಲಂತೂ ‘ವಿಷ’ ‘ವಿಪ’ವಾಗಿ ಕಾಣುತ್ತದೆ. ಫಾಂಟ್ ಆರಿಸುವಾಗ ಈ ಐದಾರು ಅಕ್ಷರಗಳನ್ನು ಸಾಲಾಗಿ ಬರೆದು, ಮೊಬೈಲನ್ನು ಕೈಯಳತೆ ದೂರದಲ್ಲಿಟ್ಟು ಓದಿ. ಓದಲಾಗದಿದ್ದರೆ ಆ ಫಾಂಟ್ ಮದುವೆ ಪತ್ರಿಕೆಗೆ ಇರಲಿ.

ಇಂಗ್ಲಿಷ್ ವಿನ್ಯಾಸಕಾರರಿಗೆ ಒಂದು ಸುಲಭದ ದಾರಿಯಿದೆ: ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದುಬಿಟ್ಟರೆ ಅದು ಶೀರ್ಷಿಕೆ, ವಾಲಿಸಿಬಿಟ್ಟರೆ ಅದು ಉದ್ಧರಣೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಎಂಬುದೇ ಇಲ್ಲ. ವಾಲಿಸಿದ ಅಕ್ಷರವೂ ನಮ್ಮ ಬರವಣಿಗೆಯ ರೂಢಿಯಿಂದ ಬಂದದ್ದಲ್ಲ, ಬಹುತೇಕ ತಂತ್ರಾಂಶ ಬಲವಂತವಾಗಿ ಓರೆ ಮಾಡಿದ್ದು. ಹಾಗಾಗಿ ಮುಖ್ಯ-ಅಮುಖ್ಯ ತೋರಿಸಲು ನಮ್ಮ ಕೈಯಲ್ಲಿರುವುದು ಗಾತ್ರ, ದಪ್ಪ, ಬಣ್ಣ, ಮತ್ತೆ ಖಾಲಿ ಜಾಗ. ಈ ನಾಲ್ಕರಲ್ಲಿ ವಿದ್ಯಾರ್ಥಿಗಳು ಮುಟ್ಟದೇ ಇರುವುದು ಕೊನೆಯದನ್ನು. ಖಾಲಿ ಕಂಡರೆ ಸಾಕು, ಅಲ್ಲೊಂದು ಹೂವಿನ ಚಿತ್ರವೋ ವಿಭಾಗದ ಲಾಂಛನವೋ ಬಂದು ಕೂರುತ್ತದೆ.

ಕಾಲಂ ಅಗಲದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಹೋರಾಟಗಾರರೊಂದಿಗಿನ’ ಎಂಬ ಒಂದೇ ಪದ ಕಿರಿದಾದ ಕಾಲಂನ ಅರ್ಧಕ್ಕಿಂತ ಹೆಚ್ಚು ನುಂಗಿಬಿಡುತ್ತದೆ. ಅಂಥ ಕಾಲಂನಲ್ಲಿ ಎರಡೂ ಅಂಚನ್ನು ಸಮ ಮಾಡಿದಿರೋ, ಪದಗಳ ನಡುವೆ ಕಂದಕ ಬೀಳುತ್ತದೆ. ಕಾಲಂ ಅಗಲ ಮಾಡಿ, ಆಗದಿದ್ದರೆ ಎಡ ಅಂಚು ಮಾತ್ರ ನೇರ ಇರಲಿ. ಅಕ್ಷರಗಳ ನಡುವಿನ ಅಂತರವನ್ನು ಎಳೆದು ಕಾಲಂ ತುಂಬಿಸುವ ಅಭ್ಯಾಸವಂತೂ ಬೇಡವೇ ಬೇಡ, ಕೆಲವು ತಂತ್ರಾಂಶಗಳಲ್ಲಿ ದೀರ್ಘವೂ ಒತ್ತೂ ತಾಯಿ ಅಕ್ಷರವನ್ನು ಬಿಟ್ಟು ದೂರ ಸರಿಯುತ್ತವೆ.

ನುಡಿಯೋ ಯುನಿಕೋಡೋ

ಕನ್ನಡದ ಹೊಸಬರು ಮೊದಲ ವಾರದಲ್ಲೇ ಮುಗ್ಗರಿಸುವ ಜಾಗ ಇದು. ಇಂಟರ್ನ್‌ಶಿಪ್‌ಗೆ ಹೋದಲ್ಲಿ ‘ಮ್ಯಾಟರ್ ನುಡಿಯಲ್ಲಿ ಕಳಿಸಿ’ ಎನ್ನುತ್ತಾರೆ, ವೆಬ್‌ಸೈಟಿನವರು ಯುನಿಕೋಡ್ ಕೇಳುತ್ತಾರೆ. ವ್ಯತ್ಯಾಸ ಸರಳ. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ; 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಂತು. ಈ ಎರಡರಿಂದ ಕನ್ನಡಿಗರು ಮನೆಮನೆಯಲ್ಲಿ ಟೈಪ್ ಮಾಡುವಂತಾಯಿತು, ಅದರ ಋಣ ದೊಡ್ಡದು. ಹೊಸ ಆವೃತ್ತಿಗಳಲ್ಲಿ ಯುನಿಕೋಡೂ ಇದೆ. ಆದರೆ ಅಚ್ಚಿನ ಪುಟಗಳು ಹಳೆಯ ಫಾಂಟುಗಳ ಸುತ್ತ ಬೆಳೆದುಬಿಟ್ಟಿರುವುದರಿಂದ ಎರಡೂ ಪದ್ಧತಿ ಒಟ್ಟೊಟ್ಟಿಗೆ ನಡೆದಿವೆ.

ನನ್ನ ಸಲಹೆ ಇಷ್ಟು: ನಿಮ್ಮ ಮೂಲಪ್ರತಿ ಯಾವಾಗಲೂ ಯುನಿಕೋಡಿನಲ್ಲಿರಲಿ. ಡೆಸ್ಕ್ ಕೇಳಿದರೆ ಕನ್ವರ್ಟರಿನಲ್ಲಿ ಹಾಕಿ ನುಡಿಗೆ ಬದಲಿಸಿ ಕೊಡಿ. ಬದಲಿಸಿದ ಮೇಲೆ ಒಮ್ಮೆ ಓದಿ. ಅರ್ಕಾವೊತ್ತು, ಉದ್ಧರಣ ಚಿಹ್ನೆ, ಅಂಕಿಗಳು ಕೈಕೊಡುವುದು ಅಲ್ಲೇ. ಯುನಿಕೋಡಿನಲ್ಲಿದ್ದರೆ ನಿಮ್ಮ ವರದಿಯನ್ನು ಐದು ವರ್ಷ ಬಿಟ್ಟು ನೀವೇ ಹುಡುಕಿದರೂ ಸಿಗುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಪಿಡಿಎಫ್ ಕಣ್ಣಿಗೆ ಕನ್ನಡ, ಗೂಗಲ್ಲಿಗೆ ಅರ್ಥವಿಲ್ಲದ ಚಿಹ್ನೆಗಳ ಸರಣಿ.

ಇನ್‌ಡಿಸೈನಿನಲ್ಲಿ ಯುನಿಕೋಡ್ ಕನ್ನಡ ಅಂಟಿಸಿದಾಗ ‘ಕನ್ನಡ’ ಎಂಬುದು ‘ಕನ್‌ನಡ’ ಎಂದು ಒಡೆದು ಕಂಡರೆ ಗಾಬರಿಬೇಡ, ಫಾಂಟ್ ಬದಲಿಸುತ್ತಲೂ ಕೂರಬೇಡಿ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆರಿಸಿದರೆ ಒತ್ತು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಫೋಟೋಶಾಪಿನಲ್ಲೂ ಟೈಪ್ ಸೆಟ್ಟಿಂಗಿನಲ್ಲಿ ಇದೇ ಬಗೆಯ ಆಯ್ಕೆಯಿದೆ. ದುಡ್ಡು ಕೊಡಲಾಗದವರಿಗೆ ಪುಟ ಕಟ್ಟಲು ಸ್ಕ್ರೈಬಸ್, ಚಿತ್ರಕ್ಕೆ ಗಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್ ಇವೆ, ಮೂರೂ ಉಚಿತ. ಫೋನಿನಲ್ಲೇ ಎಲ್ಲ ಆಗಬೇಕೆಂದರೆ ಕ್ಯಾನ್ವಾ ಸಾಕು, ಅದರ ಸಿದ್ಧ ಮಾದರಿಗಳನ್ನು ಮಾತ್ರ ಇದ್ದಂತೆ ಬಳಸಬೇಡಿ: ಅವೆಲ್ಲ ಇಂಗ್ಲಿಷಿನ ಮೂರು ಪದದ ಶೀರ್ಷಿಕೆ ನೋಡಿ ಮಾಡಿದವು. ಫಾಂಟುಗಳಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ದೀರ್ಘ ಓದಿಗೆ ಹದವಾಗಿವೆ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೆಚ್ಚು-ಕಡಿಮೆ ಮಾಡಬಹುದು, ತಲೆಬರಹ ಒಂದು ಅಕ್ಷರದಷ್ಟು ಉದ್ದವಾಗಿ ಕಾಡಿದಾಗ ಅದರ ಬೆಲೆ ಗೊತ್ತಾಗುತ್ತದೆ. ಬಾಲೂ ತಮ್ಮ ಗುಂಡುಗುಂಡಾಗಿದೆ, ಮಕ್ಕಳ ಪುಟಕ್ಕೆ ಚೆಂದ, ಸಾವಿನ ಸುದ್ದಿಗೆ ಖಂಡಿತ ಬೇಡ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಎಲ್ಲಿಂದಲೋ ಪೆನ್‌ಡ್ರೈವಿನಲ್ಲಿ ಬಂದ ಫಾಂಟನ್ನು ಪ್ರಕಟವಾಗುವ ಕೆಲಸಕ್ಕೆ ಬಳಸುವುದು ಬೇಡ.

ಬಣ್ಣ, ಚಿತ್ರ, ನಕ್ಷೆ

ನವೆಂಬರ್ ಬಂತೆಂದರೆ ಪ್ರತಿ ಪೋಸ್ಟರೂ ಅರಿಶಿನ-ಕುಂಕುಮ. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಅಕ್ಷರ ಬರೆದರೆ ಅವುಗಳ ನಡುವಿನ ಬೆಳಕಿನ ಅಂತರ ಸುಮಾರು 3.7ಕ್ಕೆ 1. ವೆಬ್‌ನ ಸುಲಭಲಭ್ಯತೆಯ ಮಾನದಂಡ ಮಾಮೂಲಿ ಗಾತ್ರದ ಅಕ್ಷರಕ್ಕೆ ಕೇಳುವುದು 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಹಾಗಾಗಿ ಶೀರ್ಷಿಕೆ ನಡೆಯುತ್ತದೆ, ಅದರ ಕೆಳಗೆ ಸಣ್ಣಗೆ ಬರೆದ ಸ್ಥಳ-ಸಮಯ ವಯಸ್ಸಾದವರಿಗೆ ಕಾಣುವುದಿಲ್ಲ. ಕೆಂಪನ್ನು ಕುಂಕುಮಕ್ಕೂ ಗಾಢ ಮಾಡಿ, ಅಂತರ ಆರು ದಾಟುತ್ತದೆ, ರಾಜ್ಯೋತ್ಸವದ ಕಳೆಗೂ ಕೊರತೆಯಿಲ್ಲ. ಅಂತರ ಅಳೆಯುವ ಉಚಿತ ಪುಟಗಳು ಬೇಕಾದಷ್ಟಿವೆ.

ಚಿತ್ರದ ವಿಷಯದಲ್ಲಿ ಗುಣಿಸಿ ನೋಡುವಷ್ಟು ಲೆಕ್ಕ ಸಾಕು. ಒಳ್ಳೆಯ ಕಾಗದದ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. 1200 ಪಿಕ್ಸೆಲ್ ಅಗಲದ ಚಿತ್ರ ನಾಲ್ಕು ಇಂಚಿಗಷ್ಟೇ ಸೈ. ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ ಕಳಿಸುತ್ತದೆ, ಆದ್ದರಿಂದ ಛಾಯಾಗ್ರಾಹಕರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ ಸರ್’ ಎಂದು ಮೊದಲೇ ಹೇಳಿಬಿಡಿ. ಇನ್‌ಸ್ಟಾಗ್ರಾಮಿನ ನಿಲುವು ಕಾರ್ಡಿಗೆ 1080 × 1350, ಯೂಟ್ಯೂಬ್ ತಂಬ್‌ನೇಲಿಗೆ 1280 × 720. ಗೂಗಲ್ಲಿನಲ್ಲಿ ಸಿಕ್ಕ ಚಿತ್ರ ನಿಮ್ಮದಲ್ಲ. ವಿಕಿಮೀಡಿಯ ಕಾಮನ್ಸಿನ ಚಿತ್ರ ಬಳಸಿದರೆ ತೆಗೆದವರ ಹೆಸರು, ಪರವಾನಗಿ ಎರಡನ್ನೂ ಹಾಕಿ. ಎಐ ಮಾಡಿಕೊಟ್ಟ ಚಿತ್ರ ಸುದ್ದಿಚಿತ್ರದ ಜಾಗದಲ್ಲಿ ಕೂರಕೂಡದು, ಅದಕ್ಕೆ ವಾದವೇ ಬೇಡ.

ನಕ್ಷೆಗಳ ಬಗ್ಗೆ ಕೊಂಚ ನಿಲ್ಲಬೇಕು, ಏಕೆಂದರೆ ಸುಳ್ಳು ಹೇಳದೆ ಸುಳ್ಳು ಹೇಳಿಸುವ ಶಕ್ತಿ ಅವಕ್ಕಿದೆ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು, 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಇದನ್ನು ಎರಡು ಕಂಬಗಳಾಗಿ ಬರೆದು, ಬುಡವನ್ನು ಸೊನ್ನೆಯ ಬದಲು 70ಕ್ಕೆ ಇಟ್ಟು ನೋಡಿ. ಎರಡನೆಯ ಕಂಬ ಮೊದಲನೆಯದರ ಕಾಲು ಭಾಗಕ್ಕೆ ಕುಸಿಯುತ್ತದೆ. ನಿಜದಲ್ಲಿ ಇಳಿದದ್ದು ಎಂಟರಲ್ಲಿ ಒಂದು ಪಾಲು. ಒಂದಂಕಿಯೂ ತಪ್ಪಿಲ್ಲ, ಓದುಗನ ಕಣ್ಣಿಗೆ ಹೋದ ಸುದ್ದಿ ಮಾತ್ರ ಬೇರೆ. ಇನ್ನೊಂದು, ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತ್ತು. ಅದನ್ನು ಕಂಬದ ಪಕ್ಕ ಒಂದು ಸಾಲಿನಲ್ಲಿ ಬರೆಯದಿದ್ದರೆ, ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ ಎಂದು ಓದುಗ ಕೇಳಿದರೆ ತಪ್ಪು ಅವನದಲ್ಲ. ಡೇಟಾರ್‍ಯಾಪರ್, ಫ್ಲರಿಶ್‌ನಂಥ ಉಚಿತ ಸಾಧನಗಳು ಕಂಬವನ್ನು ಬರೆದುಕೊಡುತ್ತವೆ, ಈ ಒಂದು ಸಾಲನ್ನು ನೀವೇ ಬರೆಯಬೇಕು.

ಹೆಸರು ಹುಡುಕಿದರೆ ಏನು ಸಿಗುತ್ತದೆ

ಇನ್ನು ಆನ್‌ಲೈನ್ ಇರುವಿಕೆ. ಈ ಮಾತು ಕೇಳಿದರೆ ಸಹಪಾಠಿಗಳು ಫಾಲೋವರ್ ಲೆಕ್ಕ ತೆಗೆಯುತ್ತಾರೆ. ರೀಲ್ಸ್‌ನಿಂದ ಹೆಸರು ಮಾಡಿದವರನ್ನು ನಾನು ಹಳಿಯುವುದಿಲ್ಲ, ಅದೂ ಶ್ರಮವೇ. ಆದರೆ ಕೆಲಸ ಕೊಡುವ ಸಂಪಾದಕರಿಗೆ ಬೇಕಾದದ್ದು ಇವನು, ಇವಳು ಏನು ಬರೆದಿದ್ದಾರೆ ಎಂಬುದಕ್ಕೆ ಎರಡು ನಿಮಿಷದಲ್ಲಿ ಸಿಗುವ ಉತ್ತರ. ಅದಕ್ಕೆ ಒಂದು ಪುಟ ಸಾಕು. ಗೂಗಲ್ ಸೈಟ್ಸ್‌, ಬ್ಲಾಗರ್, ವರ್ಡ್‌ಪ್ರೆಸ್ ಯಾವುದಾದರೂ ಆದೀತು. ಸ್ವಂತ ಡೊಮೇನ್ ಕೊಳ್ಳುವವರು ಮೊದಲ ವರ್ಷದ ರಿಯಾಯಿತಿ ದರ ನೋಡಿ ಹಿಗ್ಗುವ ಮುನ್ನ ನವೀಕರಣದ ದರ ಓದಿಕೊಳ್ಳಿ.

ಪುಟದಲ್ಲಿ ಏನಿರಬೇಕು? ನಿಮ್ಮ ಅತ್ಯುತ್ತಮ ಐದಾರು ಕೆಲಸ, ಹೊಸದು ಮೇಲೆ. ಮೂವತ್ತು ಬೇಡ, ಪತ್ರಿಕಾ ಹೇಳಿಕೆ ನೋಡಿ ಬರೆದದ್ದೆಲ್ಲ ಸೇರಿದರೆ ಹೊಲ ಸುತ್ತಿ ತಂದ ವರದಿಯೂ ಅದರಲ್ಲಿ ಮುಳುಗುತ್ತದೆ. ಪ್ರತಿಯೊಂದರ ಕೆಳಗೆ ಎರಡು ಸಾಲು: ಯಾವಾಗ, ಎಲ್ಲಿ ಪ್ರಕಟವಾಯಿತು, ಅದರಲ್ಲಿ ನಿಮ್ಮ ಪಾತ್ರವೇನು. ಗುಂಪಿನಲ್ಲಿ ಮಾಡಿದ ಪ್ರಯೋಗ ಪತ್ರಿಕೆಯನ್ನು ಇಡಿಯಾಗಿ ‘ನನ್ನದು’ ಎಂದು ತೋರಿಸುವವರಿದ್ದಾರೆ. ಕನ್ನಡ ಸುದ್ದಿಲೋಕ ಚಿಕ್ಕದು, ಪುಟ ಕಟ್ಟಿದ ಗೆಳತಿ ನಾಳೆ ಅದೇ ಡೆಸ್ಕಿನಲ್ಲಿ ಕೂತಿರುತ್ತಾಳೆ. ನೀವು ಕಟ್ಟಿದ ಪುಟವಿದ್ದರೆ ಅದರ ಮೊದಲ ಕರಡನ್ನೂ ಕೊನೆಯ ರೂಪವನ್ನೂ ಅಕ್ಕಪಕ್ಕ ಹಾಕಿ, ಏಕೆ ಬದಲಿಸಿದಿರಿ ಎಂದು ಬರೆಯಿರಿ. ಹತ್ತು ತಂತ್ರಾಂಶಗಳ ಹೆಸರು ಪಟ್ಟಿಮಾಡಿ ಪಕ್ಕದಲ್ಲಿ ನಕ್ಷತ್ರ ಹಾಕಿಕೊಳ್ಳುವುದಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಹೆಸರಿನ ಕಾಗುಣಿತವನ್ನು ಒಮ್ಮೆ ನಿರ್ಧರಿಸಿ ಎಲ್ಲ ಕಡೆ ಅದನ್ನೇ ಬಳಸಿ. ಒಂದು ಕಡೆ ಅಪ್ಪನ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಅಡ್ಡಹೆಸರು ಎಂದಾದರೆ ಹುಡುಕುವವರಿಗೆ ನೀವು ಮೂವರಾಗುತ್ತೀರಿ. ಪರಿಚಯದ ಸಾಲಿನಲ್ಲಿ ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹೆಸರಿರಲಿ. ಪುಟದ ಕೊಂಡಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಕನ್ನಡಾಭಿಮಾನಕ್ಕೆ ಧಕ್ಕೆ ಎನಿಸಬಹುದು, ಕಾರಣ ಕೇಳಿ: ಕೊಂಡಿಯನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳ ಸಮೇತ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಎಂಬ ಪುಟ್ಟ ಪದದಲ್ಲಿ ಅಂಥ ಐದು ಸಂಕೇತಗಳಿವೆ, ಆಯಿತು 45 ಅಕ್ಷರ. ಏಳೆಂಟು ಪದದ ತಲೆಬರಹ ಕೊಂಡಿಯಾದರೆ ವಾಟ್ಸ್‌ಆ್ಯಪ್ ಸಂದೇಶದ ಮುಕ್ಕಾಲು ಪರದೆ ಅದೇ. ಕನ್ನಡ ತಲೆಬರಹದಲ್ಲಿರಲಿ, ಹಂಚಿದಾಗ ಓದುಗರಿಗೆ ಕಾಣುವುದು ಅದೇ.

ಪ್ರಕಟವಾದ ದಿನವೇ ವರದಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಇ-ಪೇಪರ್ ಕೊಂಡಿಗಳು ಕೆಲ ಕಾಲದ ಮೇಲೆ ತೆರೆಯುವುದಿಲ್ಲ, ಚಿಕ್ಕ ಪೋರ್ಟಲ್‌ಗಳು ಇದ್ದಕ್ಕಿದ್ದಂತೆ ಮುಚ್ಚುತ್ತವೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಕೊಂಡಿ ಹಾಕಿ ಉಳಿಸಿಟ್ಟರೆ ಅದೊಂದು ಸಾಕ್ಷಿಯಾಗಿಯೂ ಇರುತ್ತದೆ. ಪೂರ್ತಿ ವರದಿಯನ್ನು ನಿಮ್ಮ ಪುಟದಲ್ಲಿ ಮರುಪ್ರಕಟಿಸುವ ಮುನ್ನ ಸಂಸ್ಥೆಯನ್ನು ಕೇಳಿ. ಬರೆದವರು ನೀವೇ ಆದರೂ ಹಕ್ಕು ಯಾರದು ಎಂಬುದು ಒಪ್ಪಂದದ ಮೇಲೆ ನಿಂತಿರುತ್ತದೆ. ಅನುಮತಿ ಸಿಗದಿದ್ದರೆ ಕೊಂಡಿಯೂ ಎರಡು ಸಾಲಿನ ಸಾರಾಂಶವೂ ಸಾಕು.

ಹಳೆಯ ಪೋಸ್ಟುಗಳ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪಿಯುಸಿಯಲ್ಲಿ ಹಾಕಿದ ಸಿನಿಮಾ ನಟರ ಅಭಿಮಾನದ ಪೋಸ್ಟು ಯಾರ ಕೆಲಸವನ್ನೂ ಕಿತ್ತುಕೊಳ್ಳಲಾರದು. ಒಂದು ಜಾತಿಯನ್ನೋ ಊರನ್ನೋ ಹೀಯಾಳಿಸಿದ್ದಿದ್ದರೆ ತೆಗೆಯಿರಿ. ನಾಳೆ ಅದೇ ಊರಿಗೆ ವರದಿಗೆ ಹೋದಾಗ ಯಾರೋ ಫೋನ್ ತೆರೆದು ತೋರಿಸುತ್ತಾರೆ, ಆಮೇಲೆ ಅಲ್ಲಿ ಯಾರೂ ಬಾಯಿಬಿಡುವುದಿಲ್ಲ.

ಕಾನೂನಿನ ಒಂದು ವಿಷಯವನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಟ್ಟುಕೊಡುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ನಿಷೇಧಿಸುತ್ತದೆ. ಹೆಸರು ಒಂದೇ ಅಲ್ಲ, ವಿಳಾಸ, ಚಿತ್ರ, ಮನೆಯವರ ವಿವರ, ಶಾಲೆ, ನೆರೆಹೊರೆ ಎಲ್ಲವೂ ಅದರಲ್ಲಿ ಬರುತ್ತವೆ, ಮತ್ತು ಅದು ಯಾವುದೇ ಮಾಧ್ಯಮಕ್ಕೆ ಅನ್ವಯ. ತರಗತಿಯ ಅಭ್ಯಾಸಕ್ಕೆಂದು ಬರೆದ, ಎಲ್ಲೂ ಪ್ರಕಟವಾಗದ ವರದಿಯನ್ನು ಚೆನ್ನಾಗಿದೆಯಲ್ಲ ಎಂದು ಪೋರ್ಟ್‌ಫೋಲಿಯೋಗೆ ಏರಿಸಿದ ಗಳಿಗೆಯಲ್ಲೇ ಅದು ಪ್ರಕಟಣೆ. ಡೆಸ್ಕಿನಲ್ಲಿ ಇಂಥ ಸಾಲುಗಳನ್ನು ಹಿಡಿಯಲು ಹಿರಿಯರಿರುತ್ತಾರೆ, ಸ್ವಂತ ಪುಟದಲ್ಲಿ ನೀವೊಬ್ಬರೇ. ಅಂಥ ವರದಿಯಿದ್ದರೆ ಊರು, ಶಾಲೆ, ಸಂಬಂಧಿಕರ ವಿವರ ತೆಗೆದ ಪ್ರತಿಯನ್ನು ಅಧ್ಯಾಪಕರಿಗೆ ತೋರಿಸಿ ಏರಿಸಿ, ಅವರು ಬೇಡವೆಂದರೆ ಆ ಜಾಗಕ್ಕೆ ಬೇರೆ ವರದಿ ಹಾಕಿ.